ಟೈಲ್ಸ್ ಒಡೆಯದೆ 20 ಸಾವಿರದಲ್ಲಿ ಬಚ್ಚಲುಮನೆಗೆ ಹೊಸ ಕಳೆ: ಸವಳು ನೀರಿನ ಊರಿನವರಿಗೆ ಹಂತ ಹಂತದ ಮಾರ್ಗದರ್ಶಿ

ದಾವಣಗೆರೆ, ಚಿತ್ರದುರ್ಗ ಕಡೆಯ ಓದುಗರು ಮತ್ತೆ ಮತ್ತೆ ಕೇಳುವುದು ಒಂದೇ ಮಾತು: “ಬಚ್ಚಲುಮನೆ ಹಳೇದಾಗಿದೆ. ಒಳ್ಳೆ ಹೋಟೆಲ್‌ನಲ್ಲಿ ಇರುತ್ತಲ್ಲ, ಹಾಗೆ ಕಾಣಬೇಕು. ಟೈಲ್ಸ್ ಎಲ್ಲಾ ಒಡೆಸಲೇಬೇಕಾ?”

ಬೇಡ. ಒಳ್ಳೆಯ ಹೋಟೆಲ್‌ನ ಬಾತ್‌ರೂಮಿಗೆ ಕಾಲಿಟ್ಟಾಗ ನಿಮಗೆ ಹಿಡಿಸಿದ್ದು ಏನು ಎಂದು ಒಮ್ಮೆ ನೆನಪಿಸಿಕೊಳ್ಳಿ. ನೆಲ ಒಣಗಿತ್ತು. ವಾಸನೆ ಇರಲಿಲ್ಲ. ನಲ್ಲಿಯಲ್ಲಿ ಮುಖ ಕಾಣುತ್ತಿತ್ತು. ಬೆಳಕು ಕಣ್ಣಿಗೆ ಚುಚ್ಚುತ್ತಿರಲಿಲ್ಲ. ಟವೆಲ್ ದಪ್ಪಗಿತ್ತು, ಕಣ್ಣಿಗೆ ಬೀಳುವ ಸಾಮಾನು ಕಡಿಮೆ ಇತ್ತು. ಇವುಗಳಲ್ಲಿ ಒಂದಕ್ಕೂ ಟೈಲ್ಸ್‌ನ ಬೆಲೆಗೂ ಸಂಬಂಧವಿಲ್ಲ. ನಮ್ಮ ಕಡೆ ಇದನ್ನೆಲ್ಲ ಕೆಡಿಸುವುದು ಬೋರ್‌ನ ಸವಳು ನೀರು. ನೀರಿನ ಕಡೆ ನೋಡದೆ ಎಷ್ಟೇ ದುಬಾರಿ ನಲ್ಲಿ ಹಾಕಿಸಿದರೂ ಆರೇ ತಿಂಗಳಲ್ಲಿ ಅದರ ಮೇಲೆ ಸುಣ್ಣ ಬಳಿದಂತಾಗುತ್ತದೆ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ನೀರಿನ ಕೆಲಸ ಮೊದಲು, ಅಂದದ ಕೆಲಸ ಕೊನೆಗೆ.

ಮೊದಲು ದುಡ್ಡಿನ ಲೆಕ್ಕ

5 ಅಡಿಗೆ 7 ಅಡಿಯ ಬಚ್ಚಲುಮನೆ, ಕೈಯಲ್ಲಿ ₹20,000 ಎಂದಿಟ್ಟುಕೊಳ್ಳಿ. ನಾನಾದರೆ ಹೀಗೆ ಹಂಚುತ್ತೇನೆ: ಗ್ರೌಟ್ (ಟೈಲ್ಸ್ ಸಂದಿ ತುಂಬುವ ವಸ್ತು) ಮತ್ತು ನೆಲದ ರಿಪೇರಿಗೆ 5,000, ನಲ್ಲಿ ಮತ್ತು ಶವರ್‌ಗೆ 6,000, ಲೈಟು, ಎಕ್ಸಾಸ್ಟ್ ಫ್ಯಾನಿಗೆ 3,000, ಕನ್ನಡಿ ಮತ್ತು ಕಲ್ಲಿನ ಶೆಲ್ಫಿಗೆ 2,500, ಟವೆಲ್ ಮತ್ತು ಸಣ್ಣಪುಟ್ಟ ಸಾಮಾನಿಗೆ 1,500. ಉಳಿದ 2,000 ಮುಟ್ಟಬೇಡಿ. ಹಳೆಯ ಪೈಪು ಬಿಚ್ಚಿದಾಗ ಗೋಡೆಯೊಳಗಿನ ಒಂದು ಬೆಂಡು, ಅಂದರೆ ಪೈಪು ತಿರುಗುವ ಕಡೆಯ ಜೋಡಣೆ, ಮುರಿಯುವುದು ಮಾಮೂಲು, ಆಗ ಅದು ಬೇಕಾಗುತ್ತದೆ.

ದುಡ್ಡು ಇನ್ನೂ ಕಡಿಮೆ ಇದ್ದರೆ ಕೊನೆಯಿಂದ ಕಡಿತ ಮಾಡುತ್ತಾ ಬನ್ನಿ, ಮೊದಲಿನಿಂದಲ್ಲ. ಟವೆಲ್ ಮುಂದಿನ ತಿಂಗಳು ತಂದರೂ ಆದೀತು, ಜಿನುಗುವ ಪೈಪು ಮುಂದಿನ ತಿಂಗಳಿಗೆ ಕಾಯುವುದಿಲ್ಲ.

ಹಂತ 1: ನಿಮ್ಮ ನೀರು ಯಾವುದು ಎಂದು ತಿಳಿಯಿರಿ

ದಾವಣಗೆರೆ ನಗರಕ್ಕೆ ನಲ್ಲಿ ನೀರು ಬರುವುದು ಭದ್ರಾ ನಾಲೆಯಿಂದ ತುಂಬುವ ಕುಂದವಾಡ ಕೆರೆ, ಟಿವಿ ಸ್ಟೇಷನ್ ಕೆರೆಗಳಿಂದ ಮತ್ತು ರಾಜನಹಳ್ಳಿ ಹತ್ತಿರ ತುಂಗಭದ್ರಾ ನದಿಯಿಂದ. ಚಿತ್ರದುರ್ಗಕ್ಕೆ ಶಾಂತಿಸಾಗರ, ಅಂದರೆ ನಮ್ಮ ಸೂಳೆಕೆರೆಯಿಂದ, ಮತ್ತು ಮಾರಿಕಣಿವೆಯ ವಾಣಿವಿಲಾಸ ಸಾಗರದಿಂದ. ಇದು ಬೋರ್ ನೀರಿಗಿಂತ ಮೆದು. ಇದು ಸಾಲದೆ ಹೆಚ್ಚಿನ ಮನೆಗಳು ಬೋರ್ ನೀರನ್ನೂ ಅದೇ ಸಂಪಿಗೆ ಬಿಟ್ಟುಕೊಳ್ಳುತ್ತವೆ. ಬೋರ್ ನೀರು ಬಂಡೆಯ ಸಂದಿಯಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡು ಬರುತ್ತದೆ. ನೀರು ಆರಿದಾಗ, ಇಲ್ಲವೇ ಗೀಸರ್‌ನಲ್ಲಿ ಕಾದಾಗ, ಅದೇ ಬಿಳಿ ಪೊರೆಯಾಗಿ ಕೂರುತ್ತದೆ. ನಮ್ಮ ಹಿರಿಯರಿಗೆ ಈ ಭೇದ ಚೆನ್ನಾಗಿ ಗೊತ್ತಿತ್ತು. ದುರ್ಗದಲ್ಲಿ ಒಂದು ಹೊಂಡಕ್ಕೆ ಸಿಹಿನೀರು ಹೊಂಡ ಎಂದೇ ಹೆಸರಿದೆ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಎರಡು ಒಂದೇ ಅಳತೆಯ ಬಾಟಲಿ ತೆಗೆದುಕೊಳ್ಳಿ. ಒಂದಕ್ಕೆ ಬಚ್ಚಲ ನೀರು, ಇನ್ನೊಂದಕ್ಕೆ ಮಳೆ ನೀರು ಅಥವಾ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅರ್ಧ ತುಂಬಿಸಿ. ಎರಡಕ್ಕೂ ಸ್ನಾನದ ಸೋಪನ್ನು ಕಡಲೆಕಾಳಿನಷ್ಟು ಹೆರೆದು ಹಾಕಿ, ಮುಚ್ಚಳ ಬಿಗಿದು ಹತ್ತು ಸಲ ಕುಲುಕಿ. ಒಂದರಲ್ಲಿ ಕತ್ತಿನವರೆಗೆ ನೊರೆ ಎದ್ದು, ನಿಮ್ಮ ಬಚ್ಚಲ ನೀರಿನದ್ದರಲ್ಲಿ ನೊರೆ ಒಡೆದು ಹಾಲು ಹಾಲಾದ ನೀರು, ಮೇಲೆ ಮೊಸರಿನಂಥ ಚೂರು ಕಂಡರೆ ಅದು ಗಡಸು ನೀರು, ನಾವು ಸವಳು ಎನ್ನುವುದು ಇದನ್ನೇ. ಡಿಟರ್ಜೆಂಟ್ ಪುಡಿ ಅಥವಾ ಶಾಂಪೂ ಹಾಕಿ ಪರೀಕ್ಷೆ ಮಾಡಬೇಡಿ, ಅವು ಗಡಸು ನೀರಿನಲ್ಲೂ ನೊರೆ ಕೊಡುತ್ತವೆ.

ಲ್ಯಾಬ್‌ನಲ್ಲಿ ನೋಡಿಸುವುದಾದರೆ ರಿಪೋರ್ಟಿನಲ್ಲಿ ‘ಟೋಟಲ್ ಹಾರ್ಡ್‌ನೆಸ್’ ಎಂಬ ಸಾಲು ಓದಿ. ಒಟ್ಟು ಗಡಸುತನ ಎಂದರ್ಥ. ಕುಡಿಯುವ ನೀರಿಗೆ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರಿಲ್ಲದ ಕಡೆ 600ರವರೆಗೆ ನಡೆಯುತ್ತದೆ. 300 ದಾಟಿದ ನೀರು ಬಚ್ಚಲಲ್ಲಿ ಕಲೆ ಬಿಡದೆ ಇರುವುದಿಲ್ಲ. ಮನೆಗೆ ಬಂದು ಟಿಡಿಎಸ್ ಮೀಟರ್ ಅದ್ದಿ ಹೆದರಿಸುವವರ ಮಾತಿಗೆ ಮರುಳಾಗಬೇಡಿ. ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿದ ಎಲ್ಲ ಲವಣಗಳ ಮೊತ್ತ, ಗಡಸುತನ ಅದರಲ್ಲಿ ಒಂದು ಪಾಲು ಮಾತ್ರ.

ಇನ್ನು ಪರಿಹಾರ. ಶವರ್ ಕತ್ತಿಗೆ ಸಿಕ್ಕಿಸುವ ಸಣ್ಣ ಫಿಲ್ಟರ್‌ಗಳು ಮಣ್ಣು ಹಿಡಿಯುತ್ತವೆ, ಕ್ಲೋರಿನ್ ವಾಸನೆ ಕಡಿಮೆ ಮಾಡುತ್ತವೆ. ಗಡಸುತನ ತೆಗೆಯುವುದಿಲ್ಲ. ತೆಗೆಯುವುದು ಉಪ್ಪು ಹಾಕಿ ನಡೆಸುವ ಸಾಫ್ಟ್‌ನರ್, ಅದು ನಮ್ಮ ಬಜೆಟ್ಟಿಗೆ ಮೀರಿದ್ದು. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು ನೀರು ಬೇರೆ ಮಾಡುವುದು. ತಾರಸಿಯ ಮೇಲೆ 200 ಲೀಟರಿನ ಇನ್ನೊಂದು ಸಣ್ಣ ಟ್ಯಾಂಕ್ ಇಟ್ಟು, ನಲ್ಲಿ ನೀರು ಬಂದ ದಿನ ಅದನ್ನು ತುಂಬಿಸಿಕೊಂಡು, ಅದರ ಪೈಪನ್ನು ಶವರ್, ಗೀಸರ್, ವಾಶ್‌ಬೇಸಿನ್‌ಗೆ ಮಾತ್ರ ಕೊಡಿಸಿ. ಫ್ಲಶ್, ನೆಲ ತೊಳೆಯುವುದು, ಬಟ್ಟೆಗೆ ಬೋರ್ ನೀರು ಇರಲಿ. ಪೈಪುಗಳು ತಾರಸಿಯಲ್ಲೇ ಬೇರೆ ಬೇರೆಯಾಗಿ ಇಳಿದಿದ್ದರೆ ಇದು ಪ್ಲಂಬರ್‌ಗೆ ಅರ್ಧ ದಿನದ ಕೆಲಸ. ಒಂದೇ ಪೈಪು ಇಳಿದು ಗೋಡೆಯೊಳಗೆ ಕವಲೊಡೆದಿದ್ದರೆ ಈ ಹಂತ ಬಿಡಿ, ಇದಕ್ಕಾಗಿ ಗೋಡೆ ಒಡೆಸಬೇಡಿ.

ಹಂತ 2: ಹಳೆಯ ಕಲೆ ತೆಗೆಯಿರಿ, ಆಮೇಲೆ ಏನು ಬದಲಿಸಬೇಕೆಂದು ನೋಡಿ

ಎಷ್ಟೋ ಮನೆಗಳಲ್ಲಿ ‘ಹಾಳಾಗಿದೆ’ ಎಂದು ಕಿತ್ತು ಎಸೆಯುವ ನಲ್ಲಿಗಳು ಹಾಳಾಗಿರುವುದಿಲ್ಲ, ಪೊರೆ ಕಟ್ಟಿರುತ್ತವೆ. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೇಳಿದರೆ ಸಿಟ್ರಿಕ್ ಆಸಿಡ್ ಹರಳು ಕೊಡುತ್ತಾರೆ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ಹಾಕಿ ಕರಗಿಸಿ. ಹಳೆಯ ಬನಿಯನ್ ಬಟ್ಟೆಯನ್ನು ಅದರಲ್ಲಿ ಅದ್ದಿ ನಲ್ಲಿಗೆ ಸುತ್ತಿ. ಶವರ್‌ನ ತಲೆಗೆ ಅದೇ ನೀರು ತುಂಬಿದ ಪ್ಲಾಸ್ಟಿಕ್ ಚೀಲವನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ. ಸ್ವಲ್ಪ ಹೊತ್ತಿನಲ್ಲಿ ಸಣ್ಣ ಸಣ್ಣ ಗುಳ್ಳೆ ಏಳುವುದು ಕಾಣುತ್ತದೆ, ಅದು ಸುಣ್ಣ ಕರಗುತ್ತಿರುವ ಗುರುತು. ಅರ್ಧ ಗಂಟೆ ಬಿಟ್ಟು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಚೆನ್ನಾಗಿ ನೀರು ಹಾಕಿ ತೊಳೆದು, ಒಣ ಬಟ್ಟೆಯಲ್ಲಿ ಒರೆಸಿ. ಒಂದೇ ಸಲಕ್ಕೆ ಹೋಗದಿದ್ದರೆ ಮಾರನೆಯ ದಿನ ಮತ್ತೊಮ್ಮೆ ಮಾಡಿ. ರಾತ್ರಿಯಿಡೀ ಬಿಡಬೇಡಿ, ನಲ್ಲಿಯ ಹೊಳಪು ಮಂಕಾಗುತ್ತದೆ.

ಇಲ್ಲಿ ಮೂರು ಎಚ್ಚರಿಕೆಗಳಿವೆ, ದಯವಿಟ್ಟು ಓದಿ ಮುಂದೆ ಹೋಗಿ.

ಬಾಟಲಿಯಲ್ಲಿ ‘ಆಸಿಡ್’ ಎಂದು ಮಾರುವುದು ಹೈಡ್ರೋಕ್ಲೋರಿಕ್ ಆಮ್ಲ. ಅದು ಕಲೆಯನ್ನು ತೆಗೆಯುವುದು ನಿಜ, ಜೊತೆಗೆ ಟೈಲ್ಸ್ ಸಂದಿಯ ಸಿಮೆಂಟನ್ನೂ ನಲ್ಲಿಯ ಹೊಳಪನ್ನೂ ತಿನ್ನುತ್ತದೆ. ಹಬ್ಬಕ್ಕೊಮ್ಮೆ ಆಸಿಡ್ ಹಾಕಿ ತೊಳೆದ ಬಚ್ಚಲುಗಳಲ್ಲೇ ಕೆಳಗಿನ ಕೋಣೆಯ ಚಾವಣಿಗೆ ತೇವ ಇಳಿಯುವುದು ಹೆಚ್ಚು.

ಟಾಯ್ಲೆಟ್ ತೊಳೆಯುವ ದ್ರಾವಣಗಳಲ್ಲಿಯೂ ಸಾಮಾನ್ಯವಾಗಿ ಇದೇ ಆಮ್ಲ ಇರುತ್ತದೆ. ಅದರ ಜೊತೆ ಬ್ಲೀಚಿಂಗ್ ಪುಡಿಯನ್ನು ಯಾವತ್ತೂ ಬೆರೆಸಬೇಡಿ. ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಅದು ಜೀವಕ್ಕೇ ಸಂಚಕಾರ.

ಮೂರನೆಯದು ಕಡಪ ಕಲ್ಲು ಮತ್ತು ಮಾರ್ಬಲ್. ಎರಡೂ ಸುಣ್ಣದ ಜಾತಿಯ ಕಲ್ಲುಗಳೇ. ನಿಂಬೆ ಉಪ್ಪಿನ ನೀರು ಬಿದ್ದರೂ ಅವುಗಳ ಹೊಳಪು ಹೋಗುತ್ತದೆ. ಹಳೆಯ ಮನೆಗಳ ಕಡಪ ನೆಲಕ್ಕೆ ಸೋಪಿನ ನೀರು ಮತ್ತು ಬ್ರಷ್ ಸಾಕು.

ಹಂತ 3: ನೀರು ನಿಲ್ಲದಂತೆ, ವಾಸನೆ ಬಾರದಂತೆ

ನೆಲಕ್ಕೆ ಒಂದು ಬಕೆಟ್ ನೀರು ಸುರಿದು ಹತ್ತು ನಿಮಿಷ ಬಿಟ್ಟು ನೋಡಿ. ನೀರು ಎಲ್ಲಿ ನಿಲ್ಲುತ್ತದೋ ಅಲ್ಲಿ ಚಾಕ್‌ಪೀಸಿನಲ್ಲಿ ಗೆರೆ ಎಳೆಯಿರಿ. ಗಾರೆ ಕೆಲಸದವರು ‘ವಾಟ’ ಎನ್ನುವುದು ನೀರು ಹರಿದುಹೋಗಲು ಕೊಡುವ ಇಳಿಜಾರಿಗೆ. 7 ಅಡಿ ಉದ್ದಕ್ಕೆ ಸುಮಾರು 1 ಇಂಚು ವಾಟ ಇರಬೇಕು. ನೀರು ನಿಲ್ಲುವ ಜಾಗ ಎರಡು ಮೂರು ಟೈಲ್ಸ್‌ನಷ್ಟಿದ್ದರೆ ಅಷ್ಟನ್ನೇ ಎಬ್ಬಿಸಿ ವಾಟ ಸರಿಮಾಡಿ ಕೂರಿಸಬಹುದು, ಅದೇ ಬಣ್ಣದ ಟೈಲ್ಸ್ ಸಿಗದಿದ್ದರೆ ಬೇಕೆಂದೇ ಬೇರೆ ಬಣ್ಣದ್ದನ್ನು ಒಂದು ಪಟ್ಟಿಯಾಗಿ ಹಾಕಿಸಿ. ಎಬ್ಬಿಸಿದ ಕಡೆ ವಾಟರ್‌ಪ್ರೂಫಿಂಗ್ ಬಳಿಸದೆ ಹೊಸ ಟೈಲ್ಸ್ ಕೂರಿಸಲು ಬಿಡಬೇಡಿ. ಗಾರೆಯವರು ಅವಸರ ಮಾಡುತ್ತಾರೆ, ನೀವು ಪಕ್ಕದಲ್ಲೇ ನಿಂತಿರಿ.

ವಾಸನೆ ಬರುವುದು ಜಾಲಿಯ ಕೆಳಗಿನ ನಹಾನಿ ಟ್ರ್ಯಾಪ್‌ನಿಂದ. ಬಟ್ಟಲಿನ ಆಕಾರದ ಆ ಟ್ರ್ಯಾಪ್‌ನಲ್ಲಿ ಸುಮಾರು 2 ಇಂಚು ನೀರು ಸದಾ ನಿಂತಿರಬೇಕು. ಆ ನೀರೇ ಚರಂಡಿಯ ಗಾಳಿಯನ್ನು ತಡೆಯುವ ಬಾಗಿಲು. ಬೇಸಿಗೆಯಲ್ಲಿ ಬಳಸದ ಬಚ್ಚಲಿನಲ್ಲಿ ಆ ನೀರು ಆರಿಹೋಗುತ್ತದೆ, ನಮ್ಮ ಒಣ ಹವೆಯಲ್ಲಿ ಬೇಗನೇ. ಅತಿಥಿಗಳ ಬಾತ್‌ರೂಮಿಗೆ ವಾರಕ್ಕೊಮ್ಮೆ ಎರಡು ಚೊಂಬು ನೀರು ಸುರಿಯುವುದನ್ನು ರೂಢಿ ಮಾಡಿಕೊಳ್ಳಿ. ಜಾಲಿ ತುಕ್ಕು ಹಿಡಿದಿದ್ದರೆ ಜಿರಲೆ ತಡೆಯುವ ಬಟ್ಟಲು ಇರುವ ಸ್ಟೀಲ್ ಜಾಲಿ ಹಾಕಿಸಿ. ಜಾಲಿಯ ಮೇಲೆ ನುಸಿ ಗುಳಿಗೆ ಇಟ್ಟು ವಾಸನೆ ಮುಚ್ಚುವುದು ಪರಿಹಾರವಲ್ಲ.

ಹಂತ 4: ಟೈಲ್ಸ್ ಸಂದಿಗೆ ಎಪಾಕ್ಸಿ

ಹಳೆಯ ಬಚ್ಚಲು ಹಳೆಯದಾಗಿ ಕಾಣುವುದು ಟೈಲ್ಸ್‌ನಿಂದಲ್ಲ, ಅವುಗಳ ನಡುವಿನ ಕಪ್ಪಾದ ಗೆರೆಗಳಿಂದ. ಆ ಸಂದಿ ತುಂಬುವ ವಸ್ತುವಿಗೆ ಗ್ರೌಟ್ ಎನ್ನುತ್ತಾರೆ. ನಮ್ಮ ಕಡೆ ಬಹಳ ಮನೆಗಳಲ್ಲಿ ಬಿಳಿ ಸಿಮೆಂಟ್ ಒತ್ತಿ ಕೈತೊಳೆದುಕೊಂಡಿರುತ್ತಾರೆ. ಅದು ನೀರು ಹೀರುತ್ತದೆ, ಕೊಳೆ ಹಿಡಿಯುತ್ತದೆ. ಎಪಾಕ್ಸಿ ಗ್ರೌಟ್ ಎಂದರೆ ರೆಸಿನ್, ಹಾರ್ಡ್‌ನರ್ ಎಂಬ ಎರಡು ದ್ರವಗಳನ್ನು ಪುಡಿಯ ಜೊತೆ ಕಲಸಿ ತುಂಬುವ ವಸ್ತು. ಗಟ್ಟಿಯಾದ ಮೇಲೆ ನೀರು ಹೀರುವುದಿಲ್ಲ. ಇಡೀ 20 ಸಾವಿರದಲ್ಲಿ ನಾನು ಮೊದಲು ಖರ್ಚು ಮಾಡುವುದು ಇದಕ್ಕೇ.

ಇಡೀ ಗೋಡೆಗೆ ಹಾಕಿಸಬೇಕಿಲ್ಲ. 5×7 ಅಡಿಯ ಬಚ್ಚಲಿನಲ್ಲಿ ನೆಲ 35 ಚದರಡಿ. ಗೋಡೆಯ ಕೆಳಗಿನ 3 ಅಡಿ ಸುತ್ತಲೂ ತೆಗೆದುಕೊಂಡರೆ 72 ಚದರಡಿ. ಒಟ್ಟು 107. ಏಳಡಿ ಎತ್ತರದವರೆಗೂ ಮಾಡಿಸಿದರೆ 200 ದಾಟುತ್ತದೆ. ನೀರು ಬಡಿಯುವುದು ಕೆಳಗೆ ಮತ್ತು ಶವರ್ ಇರುವ ಗೋಡೆಗೆ. ಅಷ್ಟಕ್ಕೆ ಎಪಾಕ್ಸಿ, ಉಳಿದದ್ದಕ್ಕೆ ಅದೇ ಬಣ್ಣದ ಮಾಮೂಲಿ ಗ್ರೌಟ್ ಸಾಕು.

ಕೆಲಸ ಹೀಗೆ ನಡೆಯಬೇಕು. ಮೊದಲು ಹಳೆಯ ಗ್ರೌಟನ್ನು 2–3 ಮಿಲಿಮೀಟರ್ ಆಳಕ್ಕೆ ಕೆರೆದು ತೆಗೆಯಬೇಕು. ಮೇಲೆಯೇ ಸವರಿದರೆ ತಿಂಗಳಲ್ಲಿ ಹಪ್ಪಳದಂತೆ ಏಳುತ್ತದೆ, ಎಲ್ಲರೂ ಎಡವುವುದು ಇಲ್ಲೇ. ಆಮೇಲೆ ಸಂದಿಯ ಪುಡಿಯನ್ನು ಬ್ರಷ್‌ನಿಂದ ತೆಗೆದು, ತೊಳೆದು, ಒಂದು ದಿನ ಪೂರ್ತಿ ಒಣಗಲು ಬಿಡಬೇಕು. ಎಪಾಕ್ಸಿಯನ್ನು ಸ್ವಲ್ಪ ಸ್ವಲ್ಪವೇ ಕಲಸಬೇಕು, ಕಲಸಿದ ಮೇಲೆ ಅದು ಗಟ್ಟಿಯಾಗುತ್ತಲೇ ಹೋಗುತ್ತದೆ. ಏಪ್ರಿಲ್, ಮೇ ಬಿಸಿಲಿನಲ್ಲಿ ಇನ್ನೂ ಬೇಗ. ಬೆಳಿಗ್ಗೆ ಏಳಕ್ಕೇ ಶುರು ಮಾಡಿಸಿ. ತುಂಬಿದ ತಕ್ಷಣ ಒದ್ದೆ ಸ್ಪಂಜಿನಿಂದ ಟೈಲ್ಸ್ ಮೇಲಿನದನ್ನು ಒರೆಸಬೇಕು. ಒಣಗಿದ ಮೇಲೆ ಉಳಿಯುವ ಮಬ್ಬು ಹೋಗುವುದು ಬಲು ಕಷ್ಟ. ಕನಿಷ್ಠ 24 ಗಂಟೆ, ಇಲ್ಲವೇ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು, ನೀರು ತಾಗಬಾರದು. ಆ ದಿನ ಸ್ನಾನಕ್ಕೆ ಪಕ್ಕದ ಮನೆಯವರನ್ನೋ ತಂಗಿ ಮನೆಯನ್ನೋ ಮೊದಲೇ ಕೇಳಿಟ್ಟುಕೊಳ್ಳಿ.

ಬಣ್ಣದ ವಿಷಯ: ಅಚ್ಚ ಬಿಳಿ ಬೇಡ. ಟೈಲ್ಸ್‌ಗಿಂತ ಒಂದು ಛಾಯೆ ಗಾಢವಾದ ಬೂದು ಆರಿಸಿ. ಟೈಲ್ಸ್ ಮೇಲೆ ಅಂಟಿಸುವ ಸ್ಟಿಕ್ಕರ್, ಟೈಲ್ಸ್ ಪೇಂಟು ನೀರು ಬೀಳುವ ಜಾಗದಲ್ಲಿ ಬಾಳುವುದಿಲ್ಲ. ಬಚ್ಚಲಿಗೆ ತರಲೇಬೇಡಿ.

ಹಂತ 5: ಶವರ್ ಕೊಳ್ಳುವ ಮುಂಚೆ ಅಡಿ ಲೆಕ್ಕ ಹಾಕಿ

ದೊಡ್ಡ ತಟ್ಟೆಯಂಥ ‘ರೇನ್ ಶವರ್’ ಎಲ್ಲರಿಗೂ ಆಸೆ. ನಮ್ಮ ಅಕ್ಕ ಮನೆ ರಿಪೇರಿ ಮಾಡಿಸಿದಾಗ 8 ಇಂಚಿನದ್ದನ್ನು ತಂದು ಹಾಕಿಸಿದಳು. ನಲ್ಲಿ ತಿರುಗಿಸಿದರೆ ನಡುವಿನ ಆರೇಳು ತೂತುಗಳಿಂದ ಮಾತ್ರ ನೀರು ಸೋರಿತು, ಅಂಚಿನಲ್ಲಿ ಹನಿ ಹನಿ. ಅಂಗಡಿಯವರು ಶವರ್ ಸರಿಯಿದೆ ಎಂದರು. ಸರಿಯೇ ಇತ್ತು. ಸಾಲದ್ದು ನೀರಿನ ಒತ್ತಡ.

ಲೆಕ್ಕ ಸುಲಭ. ನೀರು 10 ಮೀಟರ್, ಅಂದರೆ ಸುಮಾರು 33 ಅಡಿ ಎತ್ತರದಿಂದ ಇಳಿದರೆ 1 ಬಾರ್ ಒತ್ತಡ. ಬಾರ್ ಎನ್ನುವುದು ಒತ್ತಡದ ಅಳತೆ. ಒಂದಂತಸ್ತಿನ ಮನೆಯಲ್ಲಿ ತಾರಸಿ 10 ಅಡಿ, ಟ್ಯಾಂಕಿನ ಕಟ್ಟೆ 4 ಅಡಿ, ಒಟ್ಟು 14. ಶವರ್ ಇರುವುದು 7 ಅಡಿಯಲ್ಲಿ. ಉಳಿಯುವುದು 7 ಅಡಿ, ಅಂದರೆ ಕೇವಲ 0.2 ಬಾರ್. ಎರಡಂತಸ್ತಿನ ಮನೆಯ ಕೆಳಗಿನ ಬಚ್ಚಲಲ್ಲಾದರೆ 17 ಅಡಿ, ಸುಮಾರು 0.5 ಬಾರ್. ಶವರ್ ಡಬ್ಬಿಯ ಮೇಲೆ ಕನಿಷ್ಠ ಎಷ್ಟು ಬಾರ್ ಬೇಕೆಂದು ನೋಡಿಯೇ ದುಡ್ಡು ಕೊಡಿ. ದೊಡ್ಡ ರೇನ್ ಶವರ್‌ಗಳಲ್ಲಿ ಹೆಚ್ಚಿನವು ಇಷ್ಟು ಕಡಿಮೆ ಒತ್ತಡಕ್ಕೆ ಮಾಡಿದ್ದಲ್ಲ.

ಇನ್ನೊಂದು ಪರೀಕ್ಷೆ ಮಾಡಿ. ಹಳೆಯ ಶವರ್ ತಲೆ ಬಿಚ್ಚಿ, ಪೈಪಿನಿಂದ ಬೀಳುವ ನೀರಿಗೆ ಒಂದು ಲೀಟರಿನ ಜಗ್ ಹಿಡಿದು ಮೊಬೈಲಿನಲ್ಲಿ ಸೆಕೆಂಡು ಎಣಿಸಿ. ತುಂಬಲು 10 ಸೆಕೆಂಡಿಗಿಂತ ಹೆಚ್ಚು ಬೇಕಾದರೆ ನಿಮಿಷಕ್ಕೆ 6 ಲೀಟರೂ ಬರುತ್ತಿಲ್ಲ ಎಂದಾಯಿತು. ಆಗ 4 ಇಂಚಿನ ಶವರ್ ಸಾಕು, ನೀರು ಒತ್ತಾಗಿ ಬೀಳುತ್ತದೆ. ತೂತುಗಳಿಗೆ ರಬ್ಬರ್ ಮೊಲೆ ಇರುವುದನ್ನೇ ಕೊಳ್ಳಿ. ಸುಣ್ಣ ಕಟ್ಟಿದರೆ ಹೆಬ್ಬೆರಳಲ್ಲಿ ಉಜ್ಜಿದರೆ ಉದುರುತ್ತದೆ. ನಮ್ಮ ನೀರಿಗೆ ಇದಕ್ಕಿಂತ ಉಪಕಾರಿ ಇನ್ನೊಂದಿಲ್ಲ.

ನಲ್ಲಿ ಕೊಳ್ಳುವಾಗ ಕೈಯಲ್ಲಿ ತೂಗಿ ನೋಡಿ. ಹಿತ್ತಾಳೆಯದ್ದು ಭಾರವಾಗಿರುತ್ತದೆ. ಮೇಲೆ ಹೊಳಪು ಕೊಟ್ಟ ಪ್ಲಾಸ್ಟಿಕ್ ಹಗುರ, ಮರೆಯುವ ಮುಂಚೆ ಬಿರುಕು ಬಿಡುತ್ತದೆ. ಕಾಲು ಸುತ್ತು ತಿರುಗಿಸಿದರೆ ತೆರೆಯುವ ಸೆರಾಮಿಕ್ ಡಿಸ್ಕ್ ನಲ್ಲಿ ಒಳ್ಳೆಯದು, ಆದರೆ ಬೋರ್ ನೀರಿನ ಮರಳು ಅದರ ಬಿಲ್ಲೆಯನ್ನು ಗೀರುತ್ತದೆ. ಟ್ಯಾಂಕಿನಿಂದ ಇಳಿಯುವ ಪೈಪಿಗೆ ಬಿಚ್ಚಿ ತೊಳೆಯುವಂಥ ಜಾಳಿಗೆ ಫಿಲ್ಟರ್ ಹಾಕಿಸಿ. ನಲ್ಲಿ ಬಾಯಿಯ ಏರಿಯೇಟರ್, ಅಂದರೆ ನೀರಿಗೆ ಗಾಳಿ ಬೆರೆಸಿ ಮೆತ್ತಗೆ ಬೀಳಿಸುವ ಸಣ್ಣ ಜಾಲಿಯನ್ನು, ತಿಂಗಳಿಗೊಮ್ಮೆ ಬಿಚ್ಚಿ ನಿಂಬೆ ಉಪ್ಪಿನ ನೀರಿಗೆ ಹಾಕಿ.

ಎಲ್ಲವನ್ನೂ ಬದಲಿಸಲು ಆಗದಿದ್ದರೆ ದಿನಾ ಕೈ ತಾಗುವ ಒಂದನ್ನು, ವಾಶ್‌ಬೇಸಿನ್ ನಲ್ಲಿಯನ್ನು, ಒಳ್ಳೆಯದು ಹಾಕಿಸಿ. ಕಮೋಡ್ ಹಿಂದಿನ ಆಂಗಲ್ ವಾಲ್ವ್ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಂತ 6: ಗೀಸರ್, ಕರೆಂಟು, ಗಾಳಿ

ಇಲ್ಲಿ ಅಂದಕ್ಕಿಂತ ಜೀವ ಮುಖ್ಯ.

ಗ್ಯಾಸ್ ಗೀಸರ್ ಬಚ್ಚಲೊಳಗೆ ಇದ್ದರೆ ಮೊದಲು ಹೊರಗೆ, ಗಾಳಿಯಾಡುವ ಕಡೆಗೆ ಸಾಗಿಸಿ. ಅದು ಉರಿಯುವಾಗ ಕಾರ್ಬನ್ ಮೋನಾಕ್ಸೈಡ್ ಬಿಡಬಹುದು. ಬಣ್ಣವಿಲ್ಲ, ವಾಸನೆಯಿಲ್ಲ, ಸ್ನಾನಕ್ಕೆ ಹೋದವರು ಅಲ್ಲೇ ಕುಸಿಯುತ್ತಾರೆ. ಅಂದಕ್ಕೆಂದು ವೆಂಟಿಲೇಟರ್‌ಗೆ ಗಾಜು ಹಾಕಿ ಮುಚ್ಚುವವರಿಗೆ ಈ ಮಾತು ಇನ್ನೂ ಒತ್ತಿ ಹೇಳುತ್ತೇನೆ.

ವಿದ್ಯುತ್ ಗೀಸರ್‌ಗೆ 16 ಆಂಪಿಯರ್‌ನ ಪ್ರತ್ಯೇಕ ಪಾಯಿಂಟ್, ಸರಿಯಾದ ಅರ್ಥಿಂಗ್, ಮತ್ತು ಮನೆಯ ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇರಬೇಕು. ಕರೆಂಟು ಸೋರಿ ಮೈಗೆ ತಾಗಿದರೆ ಕಣ್ಣು ಮಿಟುಕಿಸುವುದರೊಳಗೆ ಲೈನ್ ಕಡಿಯುವ ಸ್ವಿಚ್ ಅದು. ಇಲ್ಲದಿದ್ದರೆ ಕನ್ನಡಿ, ಶೆಲ್ಫಿನ ದುಡ್ಡನ್ನೇ ಇದಕ್ಕೆ ಹಾಕಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಗೀಸರ್‌ನ ಬಿಸಿಯನ್ನು 55 ಡಿಗ್ರಿಯ ಹತ್ತಿರ ಇಡಿ. ಅದಕ್ಕಿಂತ ಕಾದಷ್ಟೂ ಸುಣ್ಣ ಹೆಚ್ಚು ಕಟ್ಟುತ್ತದೆ, ಕಾಯಿಲ್ ಸುಡುತ್ತದೆ. ಒಳಗೆ ಮೆಗ್ನೀಸಿಯಂನ ಒಂದು ಕಡ್ಡಿ ಇರುತ್ತದೆ, ಆನೋಡ್ ಎನ್ನುತ್ತಾರೆ. ಟ್ಯಾಂಕಿನ ಬದಲು ಅದು ತಾನು ಸವೆಯುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿಸಿ ನೋಡಿ ಬದಲಿಸಿ.

ಎಕ್ಸಾಸ್ಟ್ ಫ್ಯಾನ್ 6 ಇಂಚಿನದ್ದು ಸಾಕು. ಬಾಗಿಲ ಕೆಳಗೆ ಅರ್ಧ ಇಂಚು ಸಂದಿ ಬಿಡಿ, ಗಾಳಿ ಒಳಬರದೆ ಫ್ಯಾನ್ ಏನನ್ನು ಹೊರಹಾಕೀತು? ಸ್ನಾನವಾದ ಮೇಲೆ ಹತ್ತು ನಿಮಿಷ ತಿರುಗಲಿ.

ಹಂತ 7: ಬೆಳಕು ಮತ್ತು ಕನ್ನಡಿ

ಚಾವಣಿಯ ನಡುವೆ ಒಂದೇ ಒಂದು ನೀಲಿಬಿಳಿ ಎಲ್‌ಇಡಿ ಇದ್ದರೆ ಎಂಥ ಬಚ್ಚಲೂ ಆಸ್ಪತ್ರೆಯ ಓಣಿಯಂತೆ ಕಾಣುತ್ತದೆ. ಬಲ್ಬಿನ ಡಬ್ಬಿಯ ಮೇಲೆ ‘ಕೆ’ ಅಕ್ಷರದ ಪಕ್ಕದ ಅಂಕಿ ನೋಡಿ, ಅದು ಬೆಳಕಿನ ಬಣ್ಣ. 6500 ಎಂದಿದ್ದರೆ ನೀಲಿಬಿಳಿ, 3000 ಎಂದಿದ್ದರೆ ದೀಪದಂಥ ಬೆಚ್ಚನೆಯ ಹಳದಿ, 4000 ಇವೆರಡರ ನಡುವೆ. ಚಾವಣಿಗೆ 3000, ಕನ್ನಡಿಯ ಹತ್ತಿರ ಮುಖಕ್ಕೆ ಬೀಳುವಂತೆ 4000. ಎರಡಕ್ಕೂ ಬೇರೆ ಸ್ವಿಚ್. ನೀರು ಸಿಡಿಯುವ ಕಡೆ ‘ಐಪಿ44’ ಎಂದು ಬರೆದ ದೀಪವೇ ಬೇಕು, ಸಿಡಿಯುವ ಹನಿಗಳನ್ನು ತಡೆಯುತ್ತದೆ ಎಂದು ಅದರರ್ಥ.

ಕನ್ನಡಿಯನ್ನು ವಾಶ್‌ಬೇಸಿನ್‌ಗಿಂತ ಅಗಲವಾಗಿ ಗಾಜಿನ ಅಂಗಡಿಯಲ್ಲೇ ಅಳತೆಗೆ ಕತ್ತರಿಸಿ ತನ್ನಿ. 5 ಮಿಲಿಮೀಟರ್ ದಪ್ಪ, ಅಂಚು ಉಜ್ಜಿರಬೇಕು. ದೊಡ್ಡ ಕನ್ನಡಿ ಇಕ್ಕಟ್ಟು ಬಚ್ಚಲನ್ನು ಹಿಗ್ಗಿಸುತ್ತದೆ. ಗೋಡೆಗೆ ಅಂಟಿಸದೆ ಹಿಂದೆ ಸ್ವಲ್ಪ ಗಾಳಿಯಾಡುವಂತೆ ಕ್ಲಿಪ್ ಹಾಕಿಸಿದರೆ ಪಾದರಸದ ಪದರ ಎಂದು ನಾವು ಕರೆಯುವ ಹಿಂಬದಿ ಬೇಗ ಕಪ್ಪಾಗುವುದಿಲ್ಲ. ಒಳಗೇ ಲೈಟಿರುವ ಎಲ್‌ಇಡಿ ಕನ್ನಡಿ ಬೇಡ ಎನ್ನುತ್ತೇನೆ. ಹಬೆಗೆ ಅದರ ಒಳಗಿನ ಡ್ರೈವರ್, ಅಂದರೆ ಎಲ್‌ಇಡಿಗೆ ಕರೆಂಟು ಹೊಂದಿಸಿ ಕೊಡುವ ಭಾಗ, ಕೆಟ್ಟರೆ ಇಡೀ ಕನ್ನಡಿ ಇಳಿಸಬೇಕು.

ಹಂತ 8: ಶೆಲ್ಫ್, ಹಿಡಿಕೆ, ತೂತು ಕೊರೆಯುವ ಕ್ರಮ

ಪ್ಲಾಸ್ಟಿಕ್ ಮೂಲೆ ಸ್ಟ್ಯಾಂಡಿನ ಬದಲು ಗ್ರಾನೈಟ್ ಅಂಗಡಿಗೆ ಹೋಗಿ ಉಳಿದ ತುಂಡು ಕೇಳಿ. 5 ಇಂಚು ಅಗಲ, ಒಂದೂವರೆ ಅಡಿ ಉದ್ದದ ಕರಿ ಗ್ರಾನೈಟ್ ತುಂಡನ್ನು ಅಂಚು ಪಾಲಿಶ್ ಮಾಡಿಸಿ ಎರಡು ಸ್ಟೀಲ್ ಬ್ರಾಕೆಟ್ ಮೇಲೆ ಕೂರಿಸಿದರೆ, ಇಡೀ ಬಚ್ಚಲಲ್ಲಿ ಕಣ್ಣು ಮೊದಲು ಹೋಗುವುದು ಅದರ ಮೇಲೇ. ಬಂಡೆಗಳ ಸೀಮೆಯಲ್ಲಿದ್ದು ಪ್ಲಾಸ್ಟಿಕ್ ಕಟ್ಟಿಕೊಳ್ಳುವುದೇಕೆ?

ಮನೆಯಲ್ಲಿ ಹಿರಿಯರಿದ್ದರೆ ಕಮೋಡ್ ಪಕ್ಕ ಮತ್ತು ಶವರ್ ಹತ್ತಿರ ಒಂದೊಂದು ಸ್ಟೀಲ್ ಹಿಡಿಕೆ ಹಾಕಿಸಿ. 304 ಗುರುತಿನ ಸ್ಟೀಲ್ ತುಕ್ಕು ತಡೆಯುತ್ತದೆ. ಟವೆಲ್ ಕಂಬಿಯನ್ನೇ ಹಿಡಿದು ಏಳುವ ಅಭ್ಯಾಸ ಅಪಾಯ, ಅದು ಆ ಭಾರಕ್ಕೆ ಮಾಡಿದ್ದಲ್ಲ. ಹೀರುಬಟ್ಟಲಿನಿಂದ ಅಂಟುವ ಹಿಡಿಕೆಗಳನ್ನಂತೂ ನಂಬಲೇಬೇಡಿ.

ತೂತು ಕೊರೆಯುವ ಮುಂಚೆ ಬೆರಳ ಗೆಣ್ಣಿನಿಂದ ಟೈಲ್ಸ್ ತಟ್ಟಿ. ಟೊಳ್ಳು ಸದ್ದು ಬಂದರೆ ಆ ಜಾಗ ಬಿಡಿ. ಗುರುತಿನ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿದರೆ ಡ್ರಿಲ್ ಜಾರುವುದಿಲ್ಲ. ಟೈಲ್ಸ್ ದಾಟುವವರೆಗೆ ಡ್ರಿಲ್‌ನ ಹ್ಯಾಮರ್, ಅಂದರೆ ಕುಟ್ಟುವ ಸ್ವಿಚ್, ಹಾಕದೆ ಟೈಲ್ಸ್ ಬಿಟ್‌ನಲ್ಲಿ ಮೆಲ್ಲಗೆ ಕೊರೆಯಬೇಕು. ನಲ್ಲಿಗಳ ನೇರಕ್ಕೆ ಮೇಲೆ, ಕೆಳಗೆ ಪೈಪು ಹೋಗಿರುತ್ತದೆ. ಅಲ್ಲಿ ಕೊರೆಯಬೇಡಿ.

ಹಂತ 9: ಎಲ್ಲವನ್ನೂ ಹೊರಗಿಟ್ಟು, ಬೇಕಾದ್ದನ್ನೇ ಒಳಗೆ ತನ್ನಿ

ಬಚ್ಚಲಿನ ಸಾಮಾನನ್ನೆಲ್ಲ ಜಗಲಿಗೆ ತಂದಿಡಿ. ಅರ್ಧ ಖಾಲಿಯಾದ ಶಾಂಪೂ, ಸವೆದ ಬ್ರಷ್ಷುಗಳು, ನಾಲ್ಕು ಬಣ್ಣದ ನಾಲ್ಕು ಮಗ್ಗು, ಒಣಗಿದ ಪ್ಯುಮಿಸ್ ಕಲ್ಲು. ದಿನಾ ಬಳಸುವುದು ಮಾತ್ರ ಮತ್ತೆ ಒಳಗೆ ಹೋಗಲಿ. ಬಕೆಟ್, ಮಗ್, ಸ್ಟೂಲ್ ಮೂರೂ ಒಂದೇ ಬಣ್ಣದವಾದರೆ ಸಾಕು, ಆಗುವ ವ್ಯತ್ಯಾಸ ನೀವೇ ನೋಡುತ್ತೀರಿ. ತಿಳಿ ಬೂದು ಅಥವಾ ಬಿಳಿ ಆರಿಸಿ, ಕಡು ಬಣ್ಣದ ಬಕೆಟ್‌ನಲ್ಲಿ ಸುಣ್ಣದ ಕಲೆ ಎದ್ದು ಕಾಣುತ್ತದೆ. ಇದೇ ಕಾರಣಕ್ಕೆ ಈಗ ಚಾಲ್ತಿಯಲ್ಲಿರುವ ಕಪ್ಪು ನಲ್ಲಿಗಳೂ ಸವಳು ನೀರಿನ ಮನೆಗೆ ಹೊಂದುವುದಿಲ್ಲ.

ಟವೆಲ್‌ಗೆ ಬಂದರೆ, ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರಾಗಿದ್ದ ದಾವಣಗೆರೆಯವರಿಗೆ ಬಟ್ಟೆ ನೋಡುವುದು ಹೇಳಿಕೊಡಬೇಕಿಲ್ಲ. ಪೂರ್ತಿ ಹತ್ತಿಯದ್ದು, 450ರಿಂದ 500 ಜಿಎಸ್‌ಎಂನದ್ದು ತನ್ನಿ. ಒಂದು ಚದರ ಮೀಟರ್ ಬಟ್ಟೆಯ ತೂಕ ಗ್ರಾಂನಲ್ಲಿ ಎಷ್ಟು ಎಂಬುದೇ ಜಿಎಸ್‌ಎಂ. ಅದಕ್ಕಿಂತ ದಪ್ಪದ್ದು ಮಳೆಗಾಲದಲ್ಲಿ ಒಣಗದೆ ಮುಗ್ಗುತ್ತದೆ. ಗಡಸು ನೀರಿನಲ್ಲಿ ಒಗೆದ ಟವೆಲ್ ಹಪ್ಪಳದಂತೆ ಬಿರುಸಾಗುತ್ತದೆ. ಒಗೆಯುವ ಪುಡಿ ಕಡಿಮೆ ಹಾಕಿ, ಕೊನೆಯ ಜಾಲಿಸುವ ನೀರಿಗೆ ಅರ್ಧ ಲೋಟ ಬಿಳಿ ವಿನೆಗರ್ ಸೇರಿಸಿ, ನೆರಳಿನಲ್ಲಿ ಕೊಡವಿ ಒಣಗಿಸಿ.

ಪರಿಮಳಕ್ಕೆ ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಲಾವಂಚದ ಬೇರಿನ ಸಣ್ಣ ಕಟ್ಟು ಸಾಕು. ವೆಂಟಿಲೇಟರ್ ಹತ್ತಿರ ನೇತುಹಾಕಿ, ಒಣಗಿದಾಗ ನೀರು ಚಿಮುಕಿಸಿ. ಅಟ್ಟದ ಮೇಲೆ ಅಜ್ಜಿಯ ಕಾಲದ ತಾಮ್ರದ ಹಂಡೆ ಇದ್ದರೆ ಇಳಿಸಿ. ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ ತೊಳೆದು, ಕೂಡಲೇ ಒಣ ಬಟ್ಟೆಯಲ್ಲಿ ಒರೆಸಿ, ನೀರು ಸಿಡಿಯದ ಮೂಲೆಯಲ್ಲಿಟ್ಟು ಅದರೊಳಗೆ ಸುರುಳಿ ಸುತ್ತಿದ ಟವೆಲ್ ಇಡಿ. ಅಂಥ ಕಳೆಯ ವಸ್ತು ಯಾವ ಶೋರೂಮಿನಲ್ಲೂ ದುಡ್ಡಿಗೆ ಸಿಗುವುದಿಲ್ಲ.

ಹಂತ 10: ದಿನದ ಎರಡು ನಿಮಿಷ

ಕಲೆ ಕೂರುವುದು ನೀರು ಆರಿದಾಗ. ನೀರನ್ನು ಆರಲು ಬಿಡದೆ ತೆಗೆದರೆ ಕಲೆಯೇ ಇಲ್ಲ. ಕಿಟಕಿ ಗಾಜು ಒರೆಸುವ ಸಣ್ಣ ರಬ್ಬರ್ ವೈಪರ್ ಒಂದನ್ನು ಶವರ್ ಪಕ್ಕದ ಕೊಕ್ಕೆಗೆ ತೂಗುಹಾಕಿ. ಕೊನೆಗೆ ಸ್ನಾನ ಮಾಡಿದವರು ಗೋಡೆಯನ್ನು ಮೇಲಿಂದ ಕೆಳಕ್ಕೆ ಎಳೆದು, ನೆಲದ ನೀರನ್ನು ಜಾಲಿಗೆ ತಳ್ಳಿ, ನಲ್ಲಿಯನ್ನು ಒಣ ಬಟ್ಟೆಯಲ್ಲಿ ಒಮ್ಮೆ ಒರೆಸಿ ಬರಲಿ. ಭಾನುವಾರ ಒಂದು ಲೀಟರಿಗೆ ಒಂದು ಚಮಚ ನಿಂಬೆ ಉಪ್ಪು ಬೆರೆಸಿದ ನೀರನ್ನು ಸ್ಪ್ರೇ ಬಾಟಲಿಯಿಂದ ಟೈಲ್ಸ್ ಮತ್ತು ನಲ್ಲಿಗೆ ಹೊಡೆದು ಐದು ನಿಮಿಷ ಬಿಟ್ಟು ತೊಳೆಯಿರಿ.

ಬಾಡಿಗೆ ಮನೆಯವರಿಗೆ

“ನಮ್ಮದು ಬಾಡಿಗೆ ಮನೆ, ಇಷ್ಟೆಲ್ಲ ಹೇಗೆ?” ಎಂದು ಕೇಳುವವರೂ ಬಹಳ ಜನ. ನೀವು 2, 9 ಮತ್ತು 10ನೇ ಹಂತ ಪೂರ್ತಿ ಮಾಡಿ, ಬಲ್ಬು ಬದಲಿಸಿ, ಶವರ್ ತಲೆ ಬದಲಿಸಿ. ಗ್ರೌಟ್ ಮತ್ತು ವಾಟದ ಕೆಲಸ ಮನೆಯ ಮಾಲೀಕರ ಪಾಲಿನದು. ನೀರು ನಿಂತಿರುವ ಫೋಟೊ ತೆಗೆದು ತೋರಿಸಿ, ಕೆಳಗೆ ತೇವ ಇಳಿದರೆ ಅವರಿಗೇ ನಷ್ಟ ಎಂದು ತಿಳಿಸಿ ಹೇಳಿದರೆ ಅರ್ಧ ಖರ್ಚಿಗಾದರೂ ಒಪ್ಪುವವರಿದ್ದಾರೆ. ಬಿಚ್ಚಿದ ಹಳೆಯ ಶವರ್ ತಲೆಯನ್ನು ವಾಶರ್ ಸಮೇತ ಒಂದು ಚೀಲದಲ್ಲಿ ಕಟ್ಟಿ, ಮೇಲೆ ಹೆಸರು ಬರೆದು ಅಟ್ಟದಲ್ಲಿಡಿ. ಮನೆ ಬಿಡುವ ದಿನ ಅದನ್ನೇ ಮತ್ತೆ ಟೆಫ್ಲಾನ್ ಟೇಪ್ ಸುತ್ತಿ ಕೂರಿಸಿ, ನಿಮ್ಮದನ್ನು ಜೊತೆಗೆ ಒಯ್ಯಿರಿ.